ರೋಗಿಯ ಮುಂದೆ ನಿಲ್ಲುವ ಮುಂಚೆ: ಅಲೈಡ್ ಹೆಲ್ತ್ (ಪ್ಯಾರಾಮೆಡಿಕಲ್) ಓದುವ ಮಕ್ಕಳು ವಾರ್ಡಿಗೆ ತಯಾರಾಗೋದು ಹೇಗೆ?

ನಾನು ಲ್ಯಾಬ್ ಟೆಕ್ನಾಲಜಿ ಕಲಿಯುತ್ತಿದ್ದಾಗ, ವಾರ್ಡ್ ಪೋಸ್ಟಿಂಗ್‌ನ ಎರಡನೇ ವಾರದಲ್ಲಿ ಒಂದು ಎಡವಟ್ಟು ಮಾಡಿದೆ. ಬೆಳಿಗ್ಗೆ ಆರು ಗಂಟೆ. ಕೈಯಲ್ಲಿ ಟ್ರೇ. ಹೆಂಗಸರ ವಾರ್ಡಿನ ಕಿಟಕಿ ಪಕ್ಕದ ಬೆಡ್ಡಿನ ಹತ್ತಿರ ಹೋಗಿ, ಚೀಟಿ ನೋಡಿ, "ಗಿರಿಜಾ ಅಲ್ವಾ ಅಮ್ಮ?" ಅಂದೆ. ಅವರು "ಹ್ಞಾಂ" ಅಂದರು. ರಕ್ತ ತೆಗೆದೆ, ಗಿರಿಜಾ ಅಂತ ಲೇಬಲ್ ಹಚ್ಚಿದೆ, ಹೊರಟೆ. ಹನ್ನೊಂದು ಗಂಟೆಗೆ ಬ್ಲಡ್ ಬ್ಯಾಂಕಿನಿಂದ ಫೋನು. "ಹಳೆ ದಾಖಲೆಯಲ್ಲಿ ಓ ಪಾಸಿಟಿವ್ ಉಂಟು, ಇವತ್ತಿನ ಸ್ಯಾಂಪಲ್ ಬಿ ಪಾಸಿಟಿವ್ ತೋರಿಸ್ತಾ ಉಂಟು, ಎಂತ ಕಥೆ?"

ಕಥೆ ಇಷ್ಟೇ. ಆ ಅಮ್ಮನಿಗೆ ಕಿವಿ ಕೇಳುತ್ತಿರಲಿಲ್ಲ. ಯಾರು ಏನು ಕೇಳಿದರೂ ಹ್ಞಾಂ ಅನ್ನುತ್ತಿದ್ದರು. ನಿಜವಾದ ಗಿರಿಜಾ ಪಕ್ಕದ ಬೆಡ್ಡಿನವರು, ಆ ಹೊತ್ತಿಗೆ ಮುಖ ತೊಳೆಯಲು ಹೋಗಿದ್ದರು.

ಹಳೆ ದಾಖಲೆ ಇರಲಿಲ್ಲ ಅಂತಿಟ್ಟುಕೊಳ್ಳಿ. ಗಿರಿಜಾ ಅವರ ಆಪರೇಷನ್ನಿಗೆ ಬಿ ಗ್ರೂಪಿನ ರಕ್ತ ತಯಾರಾಗುತ್ತಿತ್ತು. ಕೊಡುವ ರಕ್ತ ರೋಗಿಯ ರಕ್ತಕ್ಕೆ ಹೊಂದುತ್ತದಾ ಅಂತ ನೋಡುವ ಕ್ರಾಸ್‌ಮ್ಯಾಚ್‌ನಲ್ಲೂ ಸಿಕ್ಕಿಬೀಳುತ್ತಿರಲಿಲ್ಲ, ಯಾಕೆಂದರೆ ಅದನ್ನು ಮಾಡೋದೂ ಅದೇ ತಪ್ಪು ಸ್ಯಾಂಪಲ್ ಇಟ್ಟುಕೊಂಡು. ಓ ಗ್ರೂಪಿನವರ ಮೈಯಲ್ಲಿ ಬಿ ರಕ್ತಕಣಗಳ ವಿರುದ್ಧ ಪ್ರತಿಕಾಯಗಳು ಮೊದಲೇ ಇರುತ್ತವೆ. ಹೊರಗಿಂದ ಬಂದ ಕಣಗಳನ್ನು ಅವು ಒಡೆದು ಹಾಕುತ್ತವೆ, ಕಿಡ್ನಿ ಕೈಕೊಡಬಹುದು, ಜೀವವೇ ಹೋಗಬಹುದು. ನನಗೆ ಸೂಜಿ ಹಾಕಲು ಚೆನ್ನಾಗಿ ಬರುತ್ತಿತ್ತು. ಹೆಸರು ಕೇಳಲು ಬರುತ್ತಿರಲಿಲ್ಲ.

"ನೀವು ಗಿರಿಜಾ ಅಲ್ವಾ?" ಅನ್ನೋದು ಪ್ರಶ್ನೆಯೇ ಅಲ್ಲ, ಉತ್ತರವನ್ನು ನಾವೇ ಅವರ ಬಾಯಿಗೆ ಇಟ್ಟ ಹಾಗೆ. "ನಿಮ್ಮ ಪೂರ್ತಿ ಹೆಸರು ಹೇಳಿ ಅಮ್ಮ" ಅಂತ ಕೇಳಬೇಕು. ಅವರು ಹೇಳಿದ್ದನ್ನು ಚೀಟಿಯ ಜೊತೆ, ಕೈಪಟ್ಟಿಯ ಆಸ್ಪತ್ರೆ ನಂಬರಿನ ಜೊತೆ ತಾಳೆ ನೋಡಬೇಕು. ಕಮ್ಮಿ ಅಂದರೆ ಎರಡು ಗುರುತು. ಬೆಡ್ ನಂಬರ್ ಗುರುತಲ್ಲ, ಬೆಡ್ ಬದಲಾಗುತ್ತಲೇ ಇರುತ್ತದೆ. ಲೇಬಲ್ ಹಚ್ಚೋದು ರಕ್ತ ತೆಗೆದ ಮೇಲೆ, ಆ ಹಾಸಿಗೆಯ ಪಕ್ಕದಲ್ಲೇ ನಿಂತು. ಹತ್ತು ಟ್ಯೂಬು ತೆಗೆದು ಆಮೇಲೆ ನರ್ಸಿಂಗ್ ಸ್ಟೇಷನ್‌ನಲ್ಲಿ ಕೂತು ಒಟ್ಟಿಗೆ ಹಚ್ಚುವ ಅಭ್ಯಾಸ ಇದ್ದವರನ್ನು ಕಂಡರೆ ನನಗೆ ಈಗಲೂ ಎದೆ ಝಲ್ ಅನ್ನುತ್ತದೆ.

ಈಗ ನಾನು ಅದೇ ಕೆಲಸಕ್ಕೆ ಮಕ್ಕಳನ್ನು ತಯಾರು ಮಾಡುವ ಕಡೆ ಇದ್ದೇನೆ. ಹಾಗಾಗಿ ಈ ಬರಹ. ಪಿಯುಸಿ ಸೈನ್ಸ್ ಮುಗಿಸಿ ಈ ಕೋರ್ಸುಗಳಿಗೆ ಸೇರುವವರು, ಅವರ ಅಪ್ಪ ಅಮ್ಮ, ಆಸ್ಪತ್ರೆಯಲ್ಲಿ ಮಲಗಿದ್ದಾಗ "ಈ ಮಗು ಯಾರು, ಡಾಕ್ಟರಾ, ನರ್ಸಾ?" ಅಂತ ಗೊಂದಲ ಆದವರು, ಎಲ್ಲರಿಗೂ ಸ್ವಲ್ಪ ಉಪಯೋಗ ಆಗಬಹುದು.

ಡಾಕ್ಟರು, ನರ್ಸು, ಡೆಂಟಿಸ್ಟು, ಫಾರ್ಮಸಿಸ್ಟು ಇವರನ್ನು ಬಿಟ್ಟು ಆಸ್ಪತ್ರೆಯಲ್ಲಿ ರೋಗಿಯ ಮೇಲೆ ಕೈಯಿಡುವ ಹೆಚ್ಚು ಕಮ್ಮಿ ಎಲ್ಲರೂ ಅಲೈಡ್ ಹೆಲ್ತ್‌ನವರೇ. ನಮ್ಮ ಜನರ ಬಾಯಲ್ಲಿ ಪ್ಯಾರಾಮೆಡಿಕಲ್. ಎಕ್ಸ್‌ರೇ ತೆಗೆಯುವವರು, ಡಯಾಲಿಸಿಸ್ ಮೆಷಿನ್ ನೋಡಿಕೊಳ್ಳುವವರು, ಫಿಸಿಯೋ, ಕಣ್ಣು ಪರೀಕ್ಷೆಯವರು, ಆಪರೇಷನ್ ಥಿಯೇಟರ್ ಟೆಕ್ನೀಷಿಯನ್, ಆಹಾರತಜ್ಞರು, ಮಾತು ಮತ್ತು ಶ್ರವಣದವರು, ಉಸಿರಾಟದ ಥೆರಪಿಯವರು. 2021ರಲ್ಲಿ ಸಂಸತ್ತು ಇವರಿಗಾಗಿಯೇ ಒಂದು ರಾಷ್ಟ್ರೀಯ ಆಯೋಗದ ಕಾನೂನು ಮಾಡಿತು. ಅದರಲ್ಲಿ 10 ಗುಂಪುಗಳಲ್ಲಿ 50ಕ್ಕೂ ಜಾಸ್ತಿ ವೃತ್ತಿಗಳಿವೆ. ಅಲೈಡ್ ಹೆಲ್ತ್ ವೃತ್ತಿಪರರು ಅನ್ನಿಸಿಕೊಳ್ಳಲು ಕಮ್ಮಿ ಅಂದರೆ 2,000 ಗಂಟೆಯ ಕಲಿಕೆ ಬೇಕು, ಹೆಲ್ತ್‌ಕೇರ್ ವೃತ್ತಿಪರರು ಅನ್ನಿಸಿಕೊಳ್ಳಲು 3,600 ಗಂಟೆ. ಕಾನೂನು ಗಂಟೆ ಹೇಳಿತು, ಒಳ್ಳೆಯದೇ. ಆದರೆ ಗಂಟೆ ತುಂಬಿಸುವುದು ಸುಲಭ ಮಾರಾಯ್ರೆ. ಮೂಲೆಯಲ್ಲಿ ನಿಂತು ನೋಡಿದ್ದೂ ಗಂಟೆಯೇ, ಲಾಗ್‌ಬುಕ್ಕಿಗೆ ಸಹಿ ಹಾಕಿಸಲು ಕಾದದ್ದೂ ಗಂಟೆಯೇ.

ನಾನು ಹೇಳಬೇಕಾದದ್ದು ಒಂದೇ. ಕಾಲೇಜುಗಳಲ್ಲಿ ಒಂದು ಕಡೆ ಟೆಕ್ನಿಕ್ ಕಲಿಸುತ್ತಾರೆ, ಇನ್ನೊಂದು ಕಡೆ ಕಮ್ಯುನಿಕೇಷನ್ ಸ್ಕಿಲ್ಸ್ ಅಂತ ಶನಿವಾರ ಮಧ್ಯಾಹ್ನ ಒಂದು ಕ್ಲಾಸು ಇಡುತ್ತಾರೆ, ಅಲ್ಲಿ ಅರ್ಧ ಜನ ತೂಕಡಿಸುತ್ತಾರೆ. ಮಕ್ಕಳಿಗೂ ಅನಿಸುತ್ತದೆ, ಮೊದಲನೆಯದು ಕೆಲಸ, ಎರಡನೆಯದು ಸುಮ್ನೆ ಒಳ್ಳೆಯ ನಡತೆ ಅಂತ. ವಾರ್ಡಿನಲ್ಲಿ ಈ ಗೆರೆ ಇಲ್ಲವೇ ಇಲ್ಲ. ರೋಗಿಯ ಜೊತೆ ಸರಿಯಾಗಿ ಮಾತಾಡದಿದ್ದರೆ ರಿಪೋರ್ಟೇ ತಪ್ಪು ಬರುತ್ತದೆ.

ಇಸಿಜಿಯನ್ನೇ ನೋಡಿ. ಎದೆಯ ಮೇಲೆ ಆರು ಕಡೆ ಅಂಟಿಸಬೇಕು. ಮೊದಲ ಎರಡು ನಾಲ್ಕನೇ ಪಕ್ಕೆಲುಬಿನ ಸಂದಿಯಲ್ಲಿ, ಎದೆಮೂಳೆಯ ಆಚೆ ಈಚೆ. ನಾಲ್ಕನೆಯದು ಐದನೇ ಸಂದಿಯಲ್ಲಿ, ಕಾಲರ್ ಮೂಳೆಯ ನಡುವಿನಿಂದ ನೇರ ಕೆಳಗೆ. ಪುಸ್ತಕದ ಚಿತ್ರದಲ್ಲಿ ಇರೋದು ಯಾವಾಗಲೂ ಒಬ್ಬ ಸಪೂರ ಗಂಡಸು. ವಾರ್ಡಿನಲ್ಲಿ ಇರೋದು ಅರವತ್ತು ವರ್ಷದ ಅಮ್ಮ, ಸೀರೆ, ರವಿಕೆ, ಪಕ್ಕದಲ್ಲಿ ಮಗ ನಿಂತಿದ್ದಾನೆ, ಪರದೆ ಅರ್ಧ ಎಳೆದಿದೆ. ಹತ್ತೊಂಬತ್ತು ವರ್ಷದ ಹುಡುಗನಿಗೆ ನಾಚಿಕೆ, ಅವರಿಗೂ ಸಂಕೋಚ. ಅವನು ಏನು ಮಾಡುತ್ತಾನೆ? ರವಿಕೆಯ ಮೇಲಿನ ಒಂದು ಹುಕ್ ತೆಗೆಸಿ ಸಿಕ್ಕಿದ ಜಾಗದಲ್ಲಿ ಅಂಟಿಸಿ ಮುಗಿಸುತ್ತಾನೆ. ಮೊದಲ ಎರಡನ್ನು ಮೇಲಕ್ಕೆ ಅಂಟಿಸಿದರೆ, ಏನೂ ಆಗದ ಹೃದಯದಲ್ಲೂ ಹಿಂದೆ ಯಾವಾಗಲೋ ಹಾರ್ಟ್ ಅಟ್ಯಾಕ್ ಆಗಿತ್ತೇನೋ ಅನ್ನುವಂಥ ಗೆರೆ ಬರಬಹುದು. ಆ ಗೆರೆಯ ಹಿಂದೆ ಆ ಅಮ್ಮನ ಮನೆಯವರು ಎಷ್ಟು ಓಡಬೇಕಾಗುತ್ತದೆ, ಎಷ್ಟು ಖರ್ಚು ಮಾಡಬೇಕಾಗುತ್ತದೆ ಅಂತ ಯೋಚಿಸಿ. ಇದಕ್ಕೆ ಮದ್ದು ಇನ್ನೊಂದು ಸಲ ಅನಾಟಮಿ ಓದೋದಲ್ಲ. ಪರದೆ ಪೂರ್ತಿ ಎಳೆಯೋದು, ಮಗನನ್ನು ಎರಡು ನಿಮಿಷ ಹೊರಗೆ ಕಳಿಸೋದು, ಒಬ್ಬ ಸಿಸ್ಟರನ್ನೋ ಸಹಪಾಠಿ ಹುಡುಗಿಯನ್ನೋ ಜೊತೆಗೆ ಕರೆಯೋದು, ಮೇಲೆ ಒಂದು ಬಟ್ಟೆ ಹೊದಿಸೋದು, "ಅಮ್ಮ, ಎದೆಯ ಕೆಳಗೆ ತಣ್ಣಗಿನ ಸ್ಟಿಕ್ಕರ್ ಅಂಟಿಸ್ತೇನೆ, ಕರೆಂಟ್ ಏನೂ ಹೊಡೆಯುದಿಲ್ಲ" ಅನ್ನೋದು. ಕರೆಂಟಿನ ಮಾತು ತಮಾಷೆಗೆ ಹೇಳಿದ್ದಲ್ಲ. ವಯರು ನೋಡಿ ಶಾಕ್ ಕೊಡುತ್ತಾರೆ ಅಂತ ಹೆದರುವವರು ತುಂಬಾ ಜನ ಇದ್ದಾರೆ. ಹೆದರಿ ಮೈ ಬಿಗಿ ಹಿಡಿದರೆ ಗೆರೆ ನಡುಗುತ್ತದೆ, ಮತ್ತೆ ತೆಗೆಯಬೇಕು.

ರಕ್ತದಲ್ಲೂ ಇದೇ. ನರ ಸಿಗಲಿಲ್ಲ ಅಂತ "ಮುಷ್ಟಿ ಬಿಗಿ ಮಾಡಿ, ಬಿಡಿ, ಮಾಡಿ, ಬಿಡಿ" ಅಂತ ಹೇಳುತ್ತಾ ತೋಳಿನ ಪಟ್ಟಿಯನ್ನು ಎರಡು ಮೂರು ನಿಮಿಷ ಹಾಗೇ ಬಿಟ್ಟರೆ ಪೊಟ್ಯಾಸಿಯಂ ಸುಳ್ಳು ಸುಳ್ಳೇ ಮೇಲೆ ಹೋಗುತ್ತದೆ. ಪಟ್ಟಿ ಒಂದು ನಿಮಿಷಕ್ಕಿಂತ ಜಾಸ್ತಿ ಇರಬಾರದು. ಟ್ಯೂಬಿನಲ್ಲಿ ರಕ್ತ ಕಮ್ಮಿ ಆಯಿತು ಅಂತ ನೇರಳೆ ಮುಚ್ಚಳದ ಟ್ಯೂಬಿನಿಂದ ಸ್ವಲ್ಪ ಸುರಿದರಂತೂ ಮುಗಿಯಿತು. ಅದರಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಹಾಕಿರುವ ಇಡಿಟಿಎ ಪೊಟ್ಯಾಸಿಯಂ ಉಪ್ಪಿನ ರೂಪದಲ್ಲಿರುತ್ತದೆ. ಪೊಟ್ಯಾಸಿಯಂ ಏರುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ, ಡಾಕ್ಟರು ಗಾಬರಿಯಾಗುತ್ತಾರೆ. ಮಕ್ಕಳು ಯಾಕೆ ಹೀಗೆ ಮಾಡುತ್ತಾರೆ ಗೊತ್ತಾ? ಸೋಮಾರಿತನದಿಂದ ಅಲ್ಲ. "ಅಮ್ಮ, ನರ ಸಿಗ್ಲಿಲ್ಲ, ಇನ್ನೊಂದು ಸಲ ಚುಚ್ಚಬೇಕಾಗ್ತದೆ" ಅಂತ ಹೇಳುವ ಧೈರ್ಯ ಇರುವುದಿಲ್ಲ. ಎರಡು ಸಲ ಪ್ರಯತ್ನ ಮಾಡಿಯೂ ಆಗದಿದ್ದರೆ ಕೈ ಬಿಟ್ಟು ಸೀನಿಯರನ್ನು ಕರೆಯಬೇಕು ಅಂತ ನಾವು ನಿಯಮ ಮಾಡಿದ್ದು ಅದಕ್ಕೇ.

ಹಾಗಾದರೆ ಈ ಧೈರ್ಯ ಕಲಿಸೋದು ಹೇಗೆ? ವೈದ್ಯಕೀಯ ಶಿಕ್ಷಣದಲ್ಲಿ ಜಾರ್ಜ್ ಮಿಲ್ಲರ್ ಅನ್ನುವವರು 1990ರಲ್ಲಿ ಒಂದು ಪಿರಮಿಡ್ ಬರೆದರು. ತಳದಲ್ಲಿ ವಿಷಯ ಗೊತ್ತಿರೋದು, ಅದರ ಮೇಲೆ ಹೇಗೆ ಮಾಡೋದು ಅಂತ ಗೊತ್ತಿರೋದು, ಅದರ ಮೇಲೆ ಮಾಡಿ ತೋರಿಸೋದು, ತುದಿಯಲ್ಲಿ ನಿಜವಾದ ಕೆಲಸದಲ್ಲಿ ಮಾಡೋದು. ನಮ್ಮ ಥಿಯರಿ ಪರೀಕ್ಷೆ ಕೆಳಗಿನ ಎರಡನ್ನೇ ಅಳೆಯುತ್ತದೆ. ಈ ಪಿರಮಿಡ್ ನೋಡಿದಾಗೆಲ್ಲ ನನಗೆ ನೆನಪಾಗೋದು ಯಕ್ಷಗಾನ ಮೇಳ. ಹೆಜ್ಜೆ ಕಲಿತ ಹುಡುಗನಿಗೆ ಮೊದಲ ದಿನವೇ ಯಾರೂ ಎರಡನೇ ವೇಷದಂಥ ದೊಡ್ಡ ಪಾತ್ರ ಕಟ್ಟಿಸುವುದಿಲ್ಲ. ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ, ಆಮೇಲೆ ಪೀಠಿಕೆ ಸ್ತ್ರೀವೇಷ. ಪ್ರೇಕ್ಷಕರು ಇನ್ನೂ ಚಾಪೆ ಹಾಸುತ್ತಿರುವ ಹೊತ್ತಿನಲ್ಲಿ, ತಪ್ಪಿದರೂ ಪ್ರಸಂಗ ಹಾಳಾಗದ ಜಾಗದಲ್ಲಿ, ಆದರೆ ನಿಜವಾದ ರಂಗಸ್ಥಳದಲ್ಲಿ, ನಿಜವಾದ ಚೆಂಡೆಗೆ ಕುಣಿದು ಸಭಾಕಂಪ ಹೋಗಬೇಕು. ನಾವು ಆಸ್ಪತ್ರೆಯಲ್ಲಿ ಈ ಪೂರ್ವರಂಗವನ್ನೇ ಬಿಟ್ಟು ನೇರ ಪ್ರಸಂಗಕ್ಕೆ ತಳ್ಳುತ್ತಿದ್ದೆವು.

ನಮ್ಮ ಪೂರ್ವರಂಗ ಅಂದರೆ ಸಿಮ್ಯುಲೇಷನ್. ಪ್ಲಾಸ್ಟಿಕ್ ಕೈಗೆ ಸೂಜಿ ಹಾಕೋದು ಒಂದು ಬಗೆ, ಆದರೆ ಪ್ಲಾಸ್ಟಿಕ್ ಕೈ "ಅಯ್ಯೋ" ಅನ್ನುವುದಿಲ್ಲ. ಅದಕ್ಕೇ 1960ರ ದಶಕದಲ್ಲಿ ಅಮೆರಿಕದ ನರರೋಗ ವೈದ್ಯ ಹೊವಾರ್ಡ್ ಬ್ಯಾರೋಸ್, ತರಬೇತಿ ಕೊಟ್ಟ ಮನುಷ್ಯರಿಂದಲೇ ರೋಗಿಯ ಪಾತ್ರ ಮಾಡಿಸಲು ಶುರು ಮಾಡಿದರು. 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಅದಕ್ಕೆ ಸರಿಹೊಂದುವ ಒಂದು ಪರೀಕ್ಷೆ ತಂದರು, ಓಸ್ಕಿ ಅಂತ ಕರೆಯುತ್ತಾರೆ. ಸಾಲಾಗಿ ಸ್ಟೇಷನ್ನುಗಳು, ಪ್ರತಿ ಸ್ಟೇಷನ್ನಿಗೆ ಕೆಲವೇ ನಿಮಿಷ, ಗಂಟೆ ಹೊಡೆದ ಕೂಡಲೇ ಮುಂದಿನದಕ್ಕೆ ಹೋಗಬೇಕು. ನೋಡುವವರ ಕೈಯಲ್ಲಿ ಪಟ್ಟಿ ಇರುತ್ತದೆ: ಹೆಸರು ಕೇಳಿದನಾ, ಕೈ ತೊಳೆದನಾ, ಏನು ಮಾಡುತ್ತೇನೆ ಅಂತ ಹೇಳಿದನಾ. ನಮ್ಮಲ್ಲಿ ರೋಗಿಯ ಪಾತ್ರಕ್ಕೆ ಆಫೀಸಿನ ಅಕ್ಕಂದಿರನ್ನು, ಕ್ಯಾಂಟೀನಿನ ಅಣ್ಣನನ್ನು ಕೂರಿಸಿದ್ದೂ ಇದೆ. ಕ್ಯಾಂಟೀನ್ ಅಣ್ಣ ಮಾಡಿದ ಕೋಪದ ಗಂಡನ ಪಾತ್ರಕ್ಕೆ ಇಬ್ಬರು ಮಕ್ಕಳು ಅತ್ತೇಬಿಟ್ಟರು. ಅಲ್ಲಿ ಅತ್ತದ್ದು ಒಳ್ಳೆಯದೇ ಆಯಿತು.

ಇನ್ನು ನಮ್ಮ ಊರಿನದ್ದೇ ಆದ ಒಂದು ಸಂಕಟ, ಭಾಷೆ. ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆ 1848ರಿಂದ ಇದೆ, ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಶುರು ಮಾಡಿದ ಔಷಧಾಲಯ ಇವತ್ತು ದೊಡ್ಡ ಆಸ್ಪತ್ರೆ, ಮಣಿಪಾಲದಲ್ಲಿ 1953ರಲ್ಲಿ ಮೆಡಿಕಲ್ ಕಾಲೇಜು ಬಂತು, ದೇರಳಕಟ್ಟೆಯಲ್ಲಂತೂ ರಸ್ತೆಯ ಆಚೆ ಈಚೆ ಕಾಲೇಜುಗಳೇ. ಹೀಗಾಗಿ ಕಲಿಯುವವರು ಕೇರಳದಿಂದ, ಬೆಂಗಳೂರಿನಿಂದ, ಈಶಾನ್ಯ ರಾಜ್ಯಗಳಿಂದ ಬರುತ್ತಾರೆ. ರೋಗಿಗಳೋ, ತುಳು, ಬ್ಯಾರಿ, ಕೊಂಕಣಿ, ಹವ್ಯಕ, ಕಾಸರಗೋಡಿನ ಮಲಯಾಳ. ಒಂದೇ ವಾರ್ಡಿನಲ್ಲಿ ಐದು ಭಾಷೆ! ಬೆಂಗಳೂರಿನ ಕನ್ನಡದ ಹುಡುಗಿಗೂ ಇಲ್ಲಿ ಭಾಷೆ ಬಾರದ ಹಾಗೆಯೇ. ಎಲ್ಲವನ್ನೂ ಕಲಿಯಿರಿ ಅಂತ ಹೇಳೋದು ಹುಚ್ಚುತನ. ನಾವು ಮೊದಲ ವಾರ ಹತ್ತೇ ಮಾತು ಕಲಿಸುತ್ತೇವೆ. "ಈರೆನ ಪುದರ್ ದಾದ?" ಅಂದರೆ ನಿಮ್ಮ ಹೆಸರೇನು, "ಓಲು ಬೇನೆ?" ಅಂದರೆ ಎಲ್ಲಿ ನೋವು, "ಪೋಡಿಯೊಡ್ಚಿ" ಅಂದರೆ ಹೆದರಬೇಡಿ. ಕೊಂಕಣಿಯಲ್ಲಿ "ದುಕ್ತಾ?" ಅಂದರೆ ನೋಯುತ್ತದಾ ಅಂತ. ತುಳುವಿನಲ್ಲಿ ಹಿರಿಯರಿಗೆ "ಈರ್", "ಈ" ಅಂದರೆ ಏಕವಚನ ಆಗುತ್ತದೆ, ಅದನ್ನು ಮಾತ್ರ ಗಟ್ಟಿಯಾಗಿ ತಲೆಗೆ ಹಾಕುತ್ತೇವೆ. ಮಣಿಪುರದ ಹುಡುಗಿಯೊಬ್ಬಳು ತಪ್ಪು ತಪ್ಪಾಗಿ "ಓಲು ಬೇನೆ" ಅಂದಾಗ ಅಜ್ಜಿಯ ಮುಖದಲ್ಲಿ ನಗು ಬಂದದ್ದನ್ನು ಕಣ್ಣಾರೆ ನೋಡಿದ್ದೇನೆ. ಆದರೆ ಹತ್ತು ಮಾತು ಬಂತು ಅಂತ ಕಾಯಿಲೆಯ ಪೂರ್ತಿ ಹಿಸ್ಟರಿ ತೆಗೆಯಲು ಹೋಗಬಾರದು. ಆಗ ಭಾಷೆ ಬರುವ ಸಿಬ್ಬಂದಿಯನ್ನೇ ಕರೆಯಬೇಕು. ಮನೆಯವರನ್ನು ದುಭಾಷಿ ಮಾಡಿಕೊಂಡರೆ ಅವರು ಅರ್ಧ ನುಂಗಿ ಅರ್ಧ ಸೇರಿಸಿ ಹೇಳುತ್ತಾರೆ. ಸೊಸೆಯ ಬಾಯಲ್ಲಿ ಅತ್ತೆಯ ಮಲಬದ್ಧತೆ ವಿಷಯ ಹೊರಬರುವುದು ಕಷ್ಟ.

ಭಾಷೆ ಒಂದೇ ಆದರೂ ಮಾತಿನ ಅರ್ಥ ಬೇರೆ ಇರಬಹುದು. ನಮ್ಮ ಕಡೆ ಎದೆಯಲ್ಲಿ ಏನಾದರೂ "ಗ್ಯಾಸ್". ಫಿಸಿಯೋ ವಿದ್ಯಾರ್ಥಿ ವ್ಯಾಯಾಮ ಮಾಡಿಸುತ್ತಿರುವಾಗ ಅಣ್ಣ "ಏನಿಲ್ಲ, ಗ್ಯಾಸ್ ಸ್ವಲ್ಪ ಒತ್ತಿದ ಹಾಗೆ" ಅಂದರೆ ಅಲ್ಲಿಗೇ ನಿಲ್ಲಿಸಿ ಸಿಸ್ಟರಿಗೆ ಹೇಳಬೇಕು. ಅದು ಗ್ಯಾಸೋ ಹೃದಯವೋ ಅಂತ ತೀರ್ಮಾನ ಮಾಡೋದು ವಿದ್ಯಾರ್ಥಿಯ ಕೆಲಸವಲ್ಲ. ಕೇಳಿಸಿಕೊಂಡದ್ದನ್ನು ಹಾಗೇ ಮೇಲಕ್ಕೆ ಮುಟ್ಟಿಸೋದು ಅವನ ಕೆಲಸ. "ರೋಗಿಗೆ ಗ್ಯಾಸ್ಟ್ರಿಕ್" ಅಂತ ಬರೆಯಬಾರದು. "ನಡೆಯುವಾಗ ಎದೆಯ ನಡುವೆ ಒತ್ತಿದ ಹಾಗೆ ಆಗುತ್ತದೆ ಅಂದರು, 9.40ಕ್ಕೆ" ಅಂತ ಬರೆಯಬೇಕು.

ರೇಡಿಯಾಲಜಿ ಮಕ್ಕಳಿಗೆ ಕಷ್ಟ ಕೊಡೋದು ಮೆಷಿನ್ ಅಲ್ಲ, ಕರಿಮಣಿ. ಎದೆಯ ಎಕ್ಸ್‌ರೇಗೆ ಸರ ತೆಗೆಯಲೇಬೇಕು, ಇಲ್ಲದಿದ್ದರೆ ಶ್ವಾಸಕೋಶದ ಮೇಲೆ ಅದರ ನೆರಳು ಬೀಳುತ್ತದೆ. "ಚೈನ್ ಬಿಚ್ಚಿ" ಅಂತ ಗಡಿಬಿಡಿಯಲ್ಲಿ ಹೇಳಿದರೆ ಕೆಲವು ಹೆಂಗಸರು ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ, ಗಂಡ ಐಸಿಯುನಲ್ಲಿ ಇದ್ದರಂತೂ ಕೇಳಲೇಬೇಡಿ. ಹಳೆಯ ಟೆಕ್ನೀಷಿಯನ್ನರು ಇದನ್ನು ಎಷ್ಟು ಚೆಂದ ನಿಭಾಯಿಸುತ್ತಾರೆ ಅಂದರೆ, "ಐದು ನಿಮಿಷ ಅಷ್ಟೇ ಅಕ್ಕ, ನಿಮ್ಮ ಕೈಯಲ್ಲೇ ಬಿಗಿ ಹಿಡ್ಕೊಂಡಿರಿ, ಕತ್ತಿಗೆ ಒಂದು ನೂಲು ಕಟ್ಟಿಕೊಳ್ತೀರಾ?" ಅಂತ ಮೊದಲೇ ನೂಲು ತಯಾರಿಟ್ಟಿರುತ್ತಾರೆ. ಇದು ಯಾವ ಸಿಲೆಬಸ್ಸಿನಲ್ಲೂ ಇಲ್ಲ. ಕೈಯಲ್ಲೇ ಇರಲಿ ಅನ್ನೋದು ಎಕ್ಸ್‌ರೇಗೆ ನಡೆಯುತ್ತದೆ, ಎಂಆರ್‌ಐಗೆ ಹೊರಗೆ ಮನೆಯವರ ಕೈಗೇ ಕೊಡಬೇಕು. ಎಂಆರ್‌ಐ ಕೋಣೆಯಲ್ಲಂತೂ ಮಾತು ಸೌಮ್ಯವಾಗಿರಲಿ, ನಿಯಮ ಮಾತ್ರ ಕಲ್ಲಿನ ಹಾಗೆ. ಸ್ಕ್ಯಾನ್ ನಡೆಯದಿದ್ದಾಗಲೂ ಆ ಆಯಸ್ಕಾಂತ ಆನ್ ಆಗಿಯೇ ಇರುತ್ತದೆ. 2018ರಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ರೋಗಿಯ ಸಂಬಂಧಿ ಆಕ್ಸಿಜನ್ ಸಿಲಿಂಡರ್ ಹಿಡಿದುಕೊಂಡು ಒಳಗೆ ಹೋಗಿ ಪ್ರಾಣ ಕಳೆದುಕೊಂಡರು. ಹೆಣ್ಣುಮಕ್ಕಳಿಗೆ ಎಕ್ಸ್‌ರೇಗೆ ಮುಂಚೆ "ಪ್ರೆಗ್ನೆಂಟಾ?" ಅಂತ ಕೇಳುವುದೂ ಹೀಗೆಯೇ. ಅತ್ತೆಯ ಮುಂದೆ, ಸಾಲಿನಲ್ಲಿ ನಿಂತವರ ಮುಂದೆ ಕೇಳಿದರೆ ನಿಜ ಹೊರಗೆ ಬರುವುದಿಲ್ಲ. ಒಳಗೆ ಕರೆದು, "ಕಳೆದ ಸಲ ಮುಟ್ಟಾದದ್ದು ಯಾವಾಗ?" ಅಂತ ಕೇಳಬೇಕು. ಇನ್ನು ವಿದ್ಯಾರ್ಥಿಗಳ ಸ್ವಂತ ರಕ್ಷಣೆಗೆ ಕೊಡುವ, ಮೈಗೆ ಬಿದ್ದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಎದೆಯ ಮಟ್ಟದಲ್ಲಿ, ಸೀಸದ ಏಪ್ರನ್ನಿನ ಒಳಗಡೆ ಇರಬೇಕು. ಅದನ್ನು ಎಕ್ಸ್‌ರೇ ಕೋಣೆಯ ಮೊಳೆಗೆ ನೇತುಹಾಕಿ ಊಟಕ್ಕೆ ಹೋದರೆ, ಅದು ಅಳೆಯೋದು ಮೊಳೆಗೆ ಬಿದ್ದ ವಿಕಿರಣವನ್ನು.

ಫಿಸಿಯೋದಲ್ಲಿ ಮೊದಲ ಪಾಠ, ಎಬ್ಬಿಸುವ ಅವಸರ ಬೇಡ. ನಾಲ್ಕು ದಿನ ಮಲಗಿದ್ದವರು ಒಮ್ಮೆಲೇ ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ. ನಿಂತ ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದರೆ ಅದಕ್ಕೆ ಹೆಸರೇ ಇದೆ, ಆರ್ಥೋಸ್ಟ್ಯಾಟಿಕ್ ಹೈಪೊಟೆನ್ಷನ್. ಮೊದಲು ಕೂರಿಸಿ, ಕಾಲು ಇಳಿಬಿಟ್ಟು ಮಾತಾಡಿಸುತ್ತಾ ಮುಖ ನೋಡಿ, ಆಮೇಲೆ ನಿಲ್ಲಿಸಿ. ಎರಡನೇ ಪಾಠ ಇದಕ್ಕಿಂತ ಕಷ್ಟದ್ದು. ಬೀಡಿ ಕಟ್ಟುವ ಅಕ್ಕ ಕುತ್ತಿಗೆ ನೋವು ಅಂತ ಬರುತ್ತಾರೆ. ವಿದ್ಯಾರ್ಥಿನಿ ಪುಸ್ತಕದಲ್ಲಿ ಓದಿದ್ದನ್ನು ಹೇಳುತ್ತಾಳೆ: ನೆಲದಲ್ಲಿ ಕೂರಬೇಡಿ, ಕುತ್ತಿಗೆ ಬಗ್ಗಿಸಬೇಡಿ, ರೆಸ್ಟ್ ಮಾಡಿ. ಅಕ್ಕ ತಲೆಯಾಡಿಸಿ ಮನೆಗೆ ಹೋಗಿ ಮೊರ ಮಡಿಲಲ್ಲಿ ಇಟ್ಟುಕೊಂಡು ಮತ್ತೆ ಕೂರುತ್ತಾರೆ. ಅವರಿಗೆ ಕೂಲಿ ಕಟ್ಟಿದ ಬೀಡಿಯ ಲೆಕ್ಕದಲ್ಲಿ ಸಿಗೋದು, ರೆಸ್ಟಿನ ಲೆಕ್ಕದಲ್ಲಿ ಅಲ್ಲ. "ದಿನಕ್ಕೆ ಎಷ್ಟು ಹೊತ್ತು ಕೂರ್ತೀರಿ? ಗೋಡೆಗೆ ಒರಗಿಯಾ? ಮೊರದ ಕೆಳಗೆ ದಿಂಬು ಇಟ್ಟರೆ ಆಗ್ತದಾ? ಅರ್ಧ ಗಂಟೆಗೊಮ್ಮೆ ನೀರು ಕುಡಿಯಲು ಏಳಬಹುದಾ?" ಅಂತ ಕೇಳಿದರೆ ಅಲ್ಲಿ ಚಿಕಿತ್ಸೆ ಶುರುವಾಗುತ್ತದೆ. ಮಂಡಿ ಆಪರೇಷನ್ ಆದ ಅಜ್ಜನಿಗೆ ಮಂಡಿ ಎಷ್ಟು ಡಿಗ್ರಿ ಮಡಚುತ್ತದೆ ಅನ್ನುವ ಲೆಕ್ಕ ಬೇಕಾಗಿಲ್ಲ. ನಮಾಜಿಗೆ ಕೂರಬಹುದಾ, ಇಗರ್ಜಿಯಲ್ಲಿ ಮಂಡಿಯೂರಬಹುದಾ, ಮನೆಯ ಮೆಟ್ಟಿಲು ಹತ್ತಬಹುದಾ ಅನ್ನೋದು ಬೇಕು. ಕೇಳದೆ ಗೊತ್ತಾಗುವುದಿಲ್ಲ.

ಊಟದ ವಿಷಯಕ್ಕೆ ಬಂದರೆ, ನಮ್ಮಲ್ಲಿ ಆಸ್ಪತ್ರೆಗೆ ನೋಡಲು ಬರುವವರು ಕೈಯಲ್ಲಿ ಬೊಂಡ, ಅಂದರೆ ಎಳನೀರು, ಹಿಡಿದುಕೊಂಡೇ ಬರುತ್ತಾರೆ. ತಂಪು, ಒಳ್ಳೆಯದು, ಯಾರಿಗೆ ಬೇಕಾದರೂ ಕೊಡಬಹುದು ಅನ್ನುವ ನಂಬಿಕೆ. ಬೊಂಡದ ನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಕಿಡ್ನಿ ಅದನ್ನು ಹೊರಹಾಕುವುದಿಲ್ಲ, ರಕ್ತದಲ್ಲಿ ಏರಿ ಹೃದಯದ ಬಡಿತ ತಪ್ಪಬಹುದು. ಡಯಾಲಿಸಿಸ್ ವಿದ್ಯಾರ್ಥಿಗೆ "ಪೊಟ್ಯಾಸಿಯಂ ಇರುವ ಆಹಾರ ಕಮ್ಮಿ ಮಾಡಿ" ಅಂತ ಹೇಳಲು ಬರುತ್ತದೆ, ಆದರೆ ಆ ಮಾತಿನಲ್ಲಿ ಅಮ್ಮನಿಗೆ ಬೊಂಡ ಕಾಣುವುದಿಲ್ಲ. ಬೊಂಡ ಅಂತಲೇ ಹೇಳಬೇಕು, ಉಪ್ಪು ಕಮ್ಮಿ ಮಾಡಿ ಅನ್ನುವಲ್ಲಿ ಉಪ್ಪಿನಕಾಯಿ, ಒಣಮೀನು ಅಂತಲೇ ಹೇಳಬೇಕು. ಪಾರ್ಶ್ವವಾಯು ಆದವರಿಗೆ "ಗಂಜಿ ತಿಳಿಯಾದರೂ ಎರಡು ಚಮಚ ಕೊಡ್ತೇವೆ" ಅನ್ನುವ ಮನೆಯವರಿಗೂ ಹಾಗೆಯೇ. ನುಂಗಲು ಕಷ್ಟ ಇರುವವರಿಗೆ ನೀರಿನಂಥ ತಿಳಿಯೇ ಜಾಸ್ತಿ ಅಪಾಯ, ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುವ ಮೊದಲೇ ಜಾರಿ ಶ್ವಾಸಕೋಶಕ್ಕೆ ಹೋಗಬಹುದು. ನುಂಗುವ ಪರೀಕ್ಷೆ ಆಗುವವರೆಗೆ ಬಾಯಿಗೆ ಏನೂ ಬೇಡ. ಮನೆಯವರಿಗೆ ಇದು ಕ್ರೂರ ಅನಿಸುತ್ತದೆ, ಹಸಿದವರಿಗೆ ಅನ್ನ ಇಲ್ಲ ಅಂದ ಹಾಗೆ. ಎಷ್ಟು ದಿನ, ಯಾಕೆ, ಆಮೇಲೆ ಏನು ಅಂತ ಕೂತು ಹೇಳದಿದ್ದರೆ ಸಿಸ್ಟರ್ ಆಚೆ ತಿರುಗಿದ ಕೂಡಲೇ ಚಮಚ ಬಾಯಿಗೆ ಹೋಗುತ್ತದೆ.

ಸೋಂಕಿನ ವಿಷಯ ಎಲ್ಲರೂ ಹೇಳುತ್ತಾರೆ, ಹಾಗಾಗಿ ಬೇಗ ಹೇಳಿ ಮುಗಿಸುತ್ತೇನೆ. ಕೈಗೆ ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು, ಸೋಪು ನೀರಾದರೆ 40ರಿಂದ 60. ರೋಗಿಯನ್ನು ಮುಟ್ಟುವ ಮುಂಚೆ, ಮುಟ್ಟಿದ ಮೇಲೆ ಎಲ್ಲರಿಗೂ ನೆನಪಿರುತ್ತದೆ. ಮಂಚದ ಸರಳು, ಲಾಕರ್ ಮುಟ್ಟಿದ ಮೇಲೆ ಮರೆಯುತ್ತಾರೆ. ಹೆಪಟೈಟಿಸ್ ಬಿ ಲಸಿಕೆ ಮಾತ್ರ ಕಾಲೇಜಿಗೆ ಸೇರಿದ ವಾರವೇ ಶುರು ಮಾಡಿ ಅಂತ ಅಪ್ಪ ಅಮ್ಮಂದಿರಿಗೆ ಕೈಮುಗಿದು ಹೇಳುತ್ತೇನೆ. ಅದು 0, 1, 6ನೇ ತಿಂಗಳು, ಮೂರು ಡೋಸ್. ಪೋಸ್ಟಿಂಗ್ ಹಿಂದಿನ ದಿನ ಒಂದು ಡೋಸ್ ಹಾಕಿಸಿ ಬಂದರೆ ಪ್ರಯೋಜನ ಇಲ್ಲ. ಸೂಜಿ ಚುಚ್ಚಿದರೆ ಎಲ್ಲರೂ ಹೆದರೋದು ಎಚ್‌ಐವಿಗೆ, ಅದರ ಅಪಾಯ ಸಾವಿರಕ್ಕೆ ಸುಮಾರು ಮೂರು. ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ ಅಪಾಯ ನೂರಕ್ಕೆ ಮೂವತ್ತರವರೆಗೂ ಹೋಗಬಹುದು. ಚುಚ್ಚಿದರೆ ಬೆರಳು ಹಿಂಡಬೇಡಿ, ಸೋಪು ನೀರಲ್ಲಿ ತೊಳೆಯಿರಿ, ಕೂಡಲೇ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಉಪಯೋಗ ಇಲ್ಲ, 28 ದಿನ ತೆಗೆದುಕೊಳ್ಳಬೇಕು. ಬೈಯುತ್ತಾರೆ ಅಂತ ಮುಚ್ಚಿಟ್ಟು ಹಾಸ್ಟೆಲಿನಲ್ಲಿ ಎರಡು ರಾತ್ರಿ ನಿದ್ದೆಗೆಟ್ಟ ಮಕ್ಕಳು ನನಗೆ ಗೊತ್ತು. ಹಾಗೆ ಮುಚ್ಚಿಡುವಂತೆ ಮಾಡಿದ್ದು ಬೈಯುವ ನಮ್ಮಂಥವರು, ಅದನ್ನೂ ಒಪ್ಪಿಕೊಳ್ಳಬೇಕು.

ಆಮೇಲೆ ಬಸ್ಸು. ಸಂಜೆ ದೇರಳಕಟ್ಟೆಯಿಂದ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ ಬರುವ ಸಿಟಿ ಬಸ್ಸಿನಲ್ಲಿ ಏಪ್ರನ್ ಮಡಚಿ ಕೈಯಲ್ಲಿಟ್ಟುಕೊಂಡ ಮಕ್ಕಳು ಇವತ್ತಿನ ಕೇಸು ಹೇಳಿಕೊಳ್ಳುತ್ತಾ ಬರುತ್ತಾರೆ. ಹಿಂದಿನ ಸೀಟಿನಲ್ಲಿ ಆ ರೋಗಿಯ ನಾದಿನಿ ಕೂತಿರುತ್ತಾರೆ. ಇದು ಬೆಂಗಳೂರಲ್ಲ, ಇಲ್ಲಿ ಎರಡು ಮಾತು ಕೇಳಿದರೆ ಯಾವ ಮನೆ ಅಂತ ಗೊತ್ತಾಗುತ್ತದೆ. ಹೆಸರು ಹೇಳದಿದ್ದರೂ ಊರು, ವಯಸ್ಸು, ಕಾಯಿಲೆ ಸಾಕು. ಎಚ್‌ಐವಿ ಇರುವವರ ವಿಷಯದಲ್ಲಿ ಇದು ಬರೀ ಮರ್ಯಾದೆಯ ಪ್ರಶ್ನೆಯೂ ಅಲ್ಲ, 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಒಪ್ಪಿಗೆ ಇಲ್ಲದೆ ಬಹಿರಂಗ ಮಾಡುವ ಹಾಗಿಲ್ಲ. ಫೈಲಿನ ಮೇಲೆ ದೊಡ್ಡದಾಗಿ ಕೆಂಪು ಶಾಯಿಯಲ್ಲಿ ಬರೆಯೋದು, ಸಾಲಿನಲ್ಲಿ ಕೂಗಿ ಹೇಳೋದು ಕೂಡ ಬಹಿರಂಗವೇ. ವಾಟ್ಸಾಪ್ ಸ್ಟೇಟಸ್ಸಿನಲ್ಲಿ "ಮೊದಲ ಓಟಿ" ಅಂತ ಹಾಕುವ ಸೆಲ್ಫಿಯ ಹಿಂದೆ ರೋಗಿಯ ಕಾಲು ಕಾಣುತ್ತಿರುತ್ತದೆ.

ಮಕ್ಕಳು ಜಾಸ್ತಿ ಹೆದರೋದು ರೋಗಿಯ ಜೊತೆಗಿರುವ ಬೈಸ್ಟ್ಯಾಂಡರಿಗೆ. "ನೀವು ಕಲಿಯುವವರಾ? ನಮ್ಮ ಅಮ್ಮನ ಮೇಲೆ ಕಲಿಯೋದು ಬೇಡ, ದೊಡ್ಡವರನ್ನು ಕರೀರಿ." ಹೇಳುವ ಹಕ್ಕು ಅವರಿಗಿದೆ. ಮೊದಲೇ "ನಾನು ಎರಡನೇ ವರ್ಷದ ವಿದ್ಯಾರ್ಥಿ, ಮೇಡಂ ಪಕ್ಕದಲ್ಲೇ ಇರ್ತಾರೆ, ನಾನು ಮಾಡಬಹುದಾ?" ಅಂತ ನಿಜ ಹೇಳಿದರೆ ತುಂಬಾ ಜನ ಹೂಂ ಅನ್ನುತ್ತಾರೆ, ಬೇಡ ಅಂದರೆ "ಆಯ್ತು" ಅಂತ ಹಿಂದೆ ಸರಿಯಬೇಕು. ಬಿಳಿ ಕೋಟು ನೋಡಿ "ಡಾಕ್ಟ್ರೇ" ಅಂತ ಕರೆದಾಗ ಖುಷಿಯಾಗಿ ಸುಮ್ಮನಿರೋದು ಮಾತ್ರ ಬೇಡ. ಅವರು ರಿಪೋರ್ಟ್ ಹೇಗುಂಟು ಅಂತ ಕೇಳುತ್ತಾರೆ, ಇವನು ಏನೋ ಹೇಳುತ್ತಾನೆ, ಆಮೇಲೆ ಡಾಕ್ಟರು ಬೇರೆ ಹೇಳುತ್ತಾರೆ. "ನನಗೆ ಗೊತ್ತಿಲ್ಲ, ಕೇಳಿ ಬಂದು ಹೇಳ್ತೇನೆ" ಅನ್ನೋದನ್ನು ನಾವು ಓಸ್ಕಿಯಲ್ಲಿ ಮಾರ್ಕಿಗೇ ಇಟ್ಟಿದ್ದೇವೆ. ಕೇಳಿ ಬಂದು ಹೇಳಲೂ ಬೇಕು, ಅದಕ್ಕೆ ಬೇರೆ ಮಾರ್ಕು.

ಸಾವಿನ ಬಗ್ಗೆ ತಯಾರಿ ಎಲ್ಲಿಯೂ ಸರಿಯಾಗಿ ನಡೆಯುವುದಿಲ್ಲ. ನಿನ್ನೆ ಡಯಾಲಿಸಿಸ್ಸಿನಲ್ಲಿ ಕ್ರಿಕೆಟ್ ಮಾತಾಡಿದ ಅಣ್ಣ ಇವತ್ತು ಇಲ್ಲ, ಆ ಮೆಷಿನ್ನಿಗೆ ಇನ್ನೊಬ್ಬರು ಬಂದಿದ್ದಾರೆ, ವಿದ್ಯಾರ್ಥಿನಿ ಮತ್ತೆ ಅದೇ ಪಟ್ಟಿ ಕಟ್ಟಬೇಕು. ನಾನು ಮಾಡೋದು ದೊಡ್ಡದೇನಲ್ಲ. ಆ ದಿನ ಡ್ಯೂಟಿ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಚಾ ಕುಡಿಸಿ ಕೇಳುತ್ತೇನೆ: ಏನಾಯಿತು, ನೀನು ಆಗ ಎಲ್ಲಿದ್ದೆ, ಏನು ನೋಡಿದೆ. ಹೆಚ್ಚಿನವರ ಮನಸ್ಸಿನಲ್ಲಿ ಇರೋದು ಒಂದೇ, ನನ್ನ ಕೈಯಿಂದ ಏನಾದರೂ ತಪ್ಪಾಯಿತಾ ಅಂತ. ಆಗಿರಲಿಲ್ಲ ಅಂದರೆ ಯಾಕೆ ಅಲ್ಲ ಅಂತ ವಿವರವಾಗಿ ಹೇಳುತ್ತೇನೆ. ಸಮಾಧಾನಕ್ಕಿಂತ ಅವರಿಗೆ ವಿವರವೇ ಬೇಕಾಗಿರುತ್ತದೆ.

ಹೊಸ ಬ್ಯಾಚಿಗೆ ವಾರ್ಡಿನ ಮೊದಲ ದಿನ ನಾನು ಕೊಡೋದು ಒಂದೇ ಕೆಲಸ. ಕೈಯಲ್ಲಿ ಏನೂ ಇಲ್ಲದೆ, ಟ್ರೇ ಇಲ್ಲ, ಬಿಪಿ ಮೆಷಿನ್ ಇಲ್ಲ, ಮೊಬೈಲ್ ಇಲ್ಲ, ಒಬ್ಬ ರೋಗಿಯ ಪಕ್ಕ ಕಾಲು ಗಂಟೆ ಕೂತು ಬರಬೇಕು. ಅವರನ್ನು ಮನೆಯಲ್ಲಿ ಏನಂತ ಕರೆಯುತ್ತಾರೆ, ಬೆಳಿಗ್ಗೆ ಏನು ತಿಂದರು, ಈಗ ಮನಸ್ಸಿನಲ್ಲಿ ಓಡುತ್ತಿರುವ ಚಿಂತೆ ಏನು, ಈ ಮೂರನ್ನು ತಿಳಿದು ಬರಬೇಕು. ಮಕ್ಕಳಿಗೆ ಇದು ಕೆಲಸವೇ ಅಲ್ಲ ಅನಿಸುತ್ತದೆ, ಗೊಣಗುತ್ತಾರೆ. ಹಿಂದಿನ ಒಂದು ಬ್ಯಾಚಿನಲ್ಲಿ, ಮಾತೇ ಆಡದ ಹುಡುಗನೊಬ್ಬ ಸುಳ್ಯ ಕಡೆಯ ಅಜ್ಜರೊಬ್ಬರ ಹತ್ತಿರ ಕೂತು ಬಂದ. ಅಜ್ಜ ಅಡಿಕೆ ಮರದಿಂದ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡವರು, ಎರಡು ದಿನದಿಂದ ಡಿಸ್ಚಾರ್ಜ್ ಮಾಡಿ ಅಂತ ಹಠ ಹಿಡಿದಿದ್ದರು, ಫಿಸಿಯೋಗೆ ಸಹಕಾರ ಇಲ್ಲ ಅಂತ ಫೈಲಿನಲ್ಲಿ ಬರೆದಾಗಿತ್ತು. ಹುಡುಗ ತಂದ ಉತ್ತರ: ಮನೆಯಲ್ಲಿ ಎರಡು ದನ ಉಂಟು, ಹಾಲು ಕರೆಯಲು ಜನ ಇಲ್ಲ, ಹೆಂಡತಿಗೆ ಕೈ ನಡುಗುತ್ತದೆ. ಅದನ್ನು ಸಿಸ್ಟರಿಗೆ ಹೇಳಿದ, ಸಿಸ್ಟರ್ ಮಗನ ಹತ್ತಿರ ಮಾತಾಡಿದರು, ಮಗ ನೆರೆಮನೆಗೆ ಫೋನ್ ಮಾಡಿದ. ಮರುದಿನ ಫಿಸಿಯೋದವರು ಹೋದಾಗ ಅಜ್ಜ ತಾವಾಗಿಯೇ ಕಾಲು ಇಳಿಬಿಟ್ಟು ಕೂತಿದ್ದರು.